ಒಂದು ಬೂಷ್ಟಿನ ಸವಾರಿ

ಅಕ್ಕಿ ಡಬ್ಬದಲ್ಲಿ ಹಸಿರು ಬೂಷ್ಟು ಕಂಡರೆ ಮನೆಯಲ್ಲಿ ಎಲ್ಲರೂ ಮುಖ ಸಿಂಡರಿಸುತ್ತಾರೆ, ಅಲ್ಲವೇ? ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಮಾತ್ರ ಅದನ್ನೇ ಹುಡುಕುತ್ತಿದ್ದರು. ಟೋಕಿಯೊದ ಔಷಧ ಕಂಪನಿಯೊಂದರಲ್ಲಿ 1971ರಿಂದ ಎರಡು ವರ್ಷ ಅವರಿಗೂ ಅವರ ಜೊತೆಯವರಿಗೂ ಇದೇ ಕೆಲಸ. ಸುಮಾರು 6,000 ಬಗೆಯ ಬೂಷ್ಟು, ಅಣಬೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬೇಕಾದದ್ದು ಕೊನೆಗೂ ಸಿಕ್ಕಿದ್ದು ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ.

ಅವರು ಹುಡುಕುತ್ತಿದ್ದುದು ನಮ್ಮ ಮೈ ಕೊಲೆಸ್ಟ್ರಾಲ್ ತಯಾರಿಸದಂತೆ ತಡೆಯುವ ವಸ್ತುವನ್ನು. ಪಾಪ, ಕೊಲೆಸ್ಟ್ರಾಲಿಗೆ ಸುಮ್ಮನೆ ಕೆಟ್ಟ ಹೆಸರು! ಅದಿಲ್ಲದಿದ್ದರೆ ನಮ್ಮ ಜೀವಕೋಶಗಳ ಸುತ್ತಲಿನ ಪೊರೆ ಗಟ್ಟಿಯಾಗಿ ನಿಲ್ಲುವುದೇ ಇಲ್ಲ. ರಕ್ತದಲ್ಲಿ ಅದು ಅತಿಯಾದಾಗ ಮಾತ್ರ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ಹೃದಯಕ್ಕೆ ತೊಂದರೆ ಕೊಡುತ್ತದೆ.

ಅಕ್ಕಿಯ ಬೂಷ್ಟಿನಿಂದ ಸಿಕ್ಕ ಹೊಸ ಔಷಧವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಆದರೆ ಎಂಡೊ ಅವರ ಸಹೋದ್ಯೋಗಿಯೊಬ್ಬರ ಬಳಿ ಮೊಟ್ಟೆಯಿಡುವ ಕೋಳಿಗಳಿದ್ದವು. ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಬೇಕಾದಷ್ಟು ಇರುತ್ತದೆ, ಹಾಗಾದರೆ ಕೋಳಿಯ ಮೈ ಅದನ್ನು ಬಹಳ ತಯಾರಿಸುತ್ತಿರಬೇಕು ಎಂದು ಅವುಗಳ ಮೇವಿನಲ್ಲಿ ಔಷಧ ಬೆರೆಸಿದರು. ರಕ್ತದ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು! ಇಲಿ ಬೇರೆ, ಕೋಳಿ ಬೇರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಜಾತಿಯ ಔಷಧಗಳಿಗೆ ಸ್ಟ್ಯಾಟಿನ್ ಎಂದು ಹೆಸರು. 1987ರಲ್ಲಿ ಅಮೆರಿಕದಲ್ಲಿ ಮೊದಲ ಸ್ಟ್ಯಾಟಿನ್ ಮಾತ್ರೆ ಅಂಗಡಿಗೆ ಬಂತು. ನಿಮ್ಮ ಅಜ್ಜನೋ ಅಜ್ಜಿಯೋ ದಿನವೂ ನುಂಗುವ ಅಟೋರ್ವಾಸ್ಟ್ಯಾಟಿನ್ ಕೂಡ ಅದೇ ಬಳಗದ್ದು.

ಹೃದಯದ ಈ ಮಾತ್ರೆಗೂ ಮಿದುಳಿನ ಕ್ಯಾನ್ಸರಿಗೂ ಏನು ಸಂಬಂಧ?

ಆಲೆಮನೆ ನೋಡಿದ್ದೀರಾ? ಗಾಣದಲ್ಲಿ ಅರೆದ ಕಬ್ಬಿನ ಹಾಲಿನಿಂದಲೇ ಅಚ್ಚುಬೆಲ್ಲ, ಅದರಿಂದಲೇ ಜೋನಿಬೆಲ್ಲ. ಗಾಣ ನಿಲ್ಲಿಸಿದರೆ ಎರಡೂ ಇಲ್ಲ. ಜೀವಕೋಶದಲ್ಲಿ ಕೊಲೆಸ್ಟ್ರಾಲ್ ಆಗುವುದೂ ಹೀಗೇ, ಹಂತಹಂತವಾಗಿ. ಸ್ಟ್ಯಾಟಿನ್ ಮೊದಮೊದಲ ಹಂತದ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಆಗ ಕೊಲೆಸ್ಟ್ರಾಲ್ ಅಷ್ಟೇ ಅಲ್ಲ, ಅದೇ ದಾರಿಯಲ್ಲಿ ಆಗುವ ಬೇರೆ ಸಾಮಾನೂ ಕಡಿಮೆಯಾಗುತ್ತದೆ. ಅದರಲ್ಲೊಂದು, ಪ್ರೋಟೀನುಗಳಿಗೆ ಹಚ್ಚುವ ಎಣ್ಣೆಜಿಡ್ಡಿನ ಪುಟ್ಟ ಬಾಲ. ‘ಬೆಳೆ, ಎರಡಾಗು’ ಎಂದು ಕೋಶಕ್ಕೆ ಅಪ್ಪಣೆ ಕೊಡುವ ಕೆಲವು ಪ್ರೋಟೀನುಗಳು ಈ ಬಾಲದಿಂದಲೇ ಪೊರೆಗೆ ಅಂಟಿಕೊಂಡಿರುತ್ತವೆ. ಬಾಲವಿಲ್ಲದಿದ್ದರೆ ಅಪ್ಪಣೆಯೂ ಇಲ್ಲ.

ಕ್ಯಾನ್ಸರ್ ಕೋಶಗಳಿಗೆ ಎರಡಾಗುವ ಆತುರ ಬಹಳ. ಅವುಗಳಿಗೆ ಹೊಸ ಪೊರೆ ಬೇಕು, ಅಪ್ಪಣೆಯೂ ಬೇಕು. ಗ್ಲಿಯೊಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಂತೂ ತುಂಬ ಹಟಮಾರಿ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಎಲ್ಲವನ್ನೂ ಕೊಟ್ಟರೂ ಮತ್ತೆ ತಲೆಯೆತ್ತುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಕೋಶಗಳ ಮೇಲೆ ಸ್ಟ್ಯಾಟಿನ್ ಹಾಕಿದರೆ ಅನೇಕವು ಬೆಳೆಯುವುದನ್ನು ನಿಲ್ಲಿಸುತ್ತವೆ, ಕೆಲವು ಸಾಯುತ್ತವೆ. ಹಳೆಯ ಔಷಧವಾದರೆ ಇನ್ನೊಂದು ಅನುಕೂಲ: ಎಷ್ಟು ಕೊಡಬಹುದು, ಯಾರಿಗೆ ಸ್ನಾಯು ನೋವು ಬರಬಹುದು ಎಂಬುದೆಲ್ಲ ವೈದ್ಯರಿಗೆ ಆಗಲೇ ಗೊತ್ತು. ಹೊಚ್ಚ ಹೊಸ ಔಷಧಕ್ಕೆ ಇದನ್ನೆಲ್ಲ ತಿಳಿಯಲು ಹಲವು ವರ್ಷ ಬೇಕಾಗುತ್ತದೆ.

ಆದರೆ ತಲೆಬುರುಡೆಯ ಒಳಗಿನ ಲೋಕವೇ ಬೇರೆ. ಮೈತೂಕದಲ್ಲಿ ಮಿದುಳಿನದು ಸುಮಾರು ನೂರಕ್ಕೆ ಎರಡು ಪಾಲು. ಆದರೂ ಮೈಯಲ್ಲಿರುವ ಕೊಲೆಸ್ಟ್ರಾಲಿನಲ್ಲಿ ಸುಮಾರು ಐದನೇ ಒಂದು ಪಾಲು ಅಲ್ಲೇ ಇದೆ! ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ, ರಕ್ತದ ಕೊಲೆಸ್ಟ್ರಾಲ್ ಅದನ್ನು ದಾಟದು. ಹಾಗಾಗಿ ಮಿದುಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಗ್ಲಿಯೊಬ್ಲಾಸ್ಟೋಮಾ ಕೋಶಗಳು ಎಂಥ ಚಾಲಾಕಿಗಳೆಂದರೆ, ಪಕ್ಕದ ಆರೋಗ್ಯವಂತ ಕೋಶಗಳು ಮಾಡಿಟ್ಟದ್ದನ್ನೇ ಎಳೆದುಕೊಳ್ಳುತ್ತವೆ. 2016ರಲ್ಲಿ ಇದನ್ನು ತೋರಿಸಿಕೊಟ್ಟದ್ದು ಅಮೆರಿಕದ ಸ್ಯಾನ್ ಡಿಯಾಗೊದ ಪಾಲ್ ಮಿಶೆಲ್ ಅವರ ತಂಡ. ಇಷ್ಟು ಸಾಲದೆಂಬಂತೆ, ಗಾಜಿನ ತಟ್ಟೆಗೆ ಹಾಕುವಷ್ಟು ಸ್ಟ್ಯಾಟಿನ್, ಮಾತ್ರೆ ನುಂಗಿದವರ ಮಿದುಳನ್ನು ಮುಟ್ಟುವುದು ಕಷ್ಟ.

ಇಲಿ ಬೇರೆ, ಕೋಳಿ ಬೇರೆ ಎಂದೆವಲ್ಲ? ತಟ್ಟೆ ಬೇರೆ, ಮನುಷ್ಯನ ತಲೆ ಬೇರೆ. ಸೌದಿ ಅರೇಬಿಯಾದಲ್ಲಿ ಗ್ಲಿಯೊಬ್ಲಾಸ್ಟೋಮಾ ರೋಗಿಗಳಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಅಟೋರ್ವಾಸ್ಟ್ಯಾಟಿನ್ ಕೊಟ್ಟು ನೋಡಿದಾಗ ಅಂದುಕೊಂಡಷ್ಟು ಉಪಯೋಗ ಕಾಣಲಿಲ್ಲ. ಹಾಗಾಗಿ ಯಾರೂ ಅಜ್ಜನ ಮಾತ್ರೆಯನ್ನು ಕ್ಯಾನ್ಸರ್ ಮದ್ದೆಂದು ಹಂಚಬೇಡಿ!

ಒಂಟಿಯಾಗಿ ಆಗದ್ದು ಜೊತೆಗೂಡಿದರೆ ಆದೀತೇ? ಲಾಸ್ ಏಂಜಲೀಸಿನ ಫ್ರಾಂಕ್ ಪಯೊಂಕ್ ಅವರ ತಂಡ ಇಲಿಗಳ ಮಿದುಳಿನ ಗಡ್ಡೆಗೆ ವಿಕಿರಣ ಕೊಟ್ಟು, ಜೊತೆಗೆ ಮನಸ್ಸಿನ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್ ಎಂಬ ಇನ್ನೊಂದು ಹಳೆಯ ಔಷಧ ಕೊಟ್ಟಿತು. ಏಟು ಬಿದ್ದ ಗಡ್ಡೆಯ ಕೋಶಗಳು ತಡಬಡಿಸಿ ಕೊಲೆಸ್ಟ್ರಾಲ್ ತಯಾರಿ ಹೆಚ್ಚಿಸತೊಡಗಿದವು. ಆಗ ಅಟೋರ್ವಾಸ್ಟ್ಯಾಟಿನ್ ಸೇರಿಸಿ ಆ ದಾರಿಯನ್ನೂ ಕಟ್ಟಿದರು. ಇಲಿಗಳು ಇನ್ನಷ್ಟು ಕಾಲ ಬದುಕಿದವು.