ಗಾಳಿಯ ನಿಯಮ ತಿದ್ದುವವರು
(ಜುಮೇರಾ ಲೇಕ್ ಟವರ್ಸ್‌ನ ಕನ್ನಡ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಫೋನು ತೆರೆದು ವೈಫೈ ಹೆಸರುಗಳನ್ನು ನೋಡಿ. ಅಕ್ಕಪಕ್ಕದ ಗೋಪುರಗಳ ಹೆಸರುಗಳೂ ಅದರಲ್ಲಿ ಸಾಲುಗಟ್ಟಿ ನಿಂತಿರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ತಾಗದ ಚಾನೆಲ್‌ಗಳು ಮೂರೇ ಮೂರು. ಆದರೂ ಇಷ್ಟು ಮನೆಗಳ ಮಾತು ಸಾಗುತ್ತಿದೆ. ಏಕೆಂದರೆ ಪ್ರತಿ ಉಪಕರಣವೂ ಮೊದಲು ಆಲಿಸುತ್ತದೆ, ಇನ್ನೊಬ್ಬರು ಮಾತಾಡುತ್ತಿದ್ದರೆ ಕಾಯುತ್ತದೆ. (ನಮ್ಮ ಸಭೆಗಳಿಗೂ ಈ ನಿಯಮ ಬೇಕಿತ್ತು.)

ಇದನ್ನು ಬರೆದದ್ದು ಯಾವ ಸರ್ಕಾರವೂ ಅಲ್ಲ. ಇದು ಐಟ್ರಿಪಲ್‌ಇ ಸಂಸ್ಥೆ 1997ರಲ್ಲಿ ಪ್ರಕಟಿಸಿದ 802.11 ಮಾನಕ. ಮೇಲಿಂದ ಮೇಲೆ ಬರುವ ತಿದ್ದುಪಡಿಗಳನ್ನು ಮೂಲಕ್ಕೆ ಹೊಲಿದು, ತಪ್ಪು ಸರಿಪಡಿಸಿ, ಸವೆದುದನ್ನು ಕೈಬಿಡಲೆಂದೇ ಅಲ್ಲೊಂದು ಕಾರ್ಯತಂಡವಿದೆ. 2020ರ ಆವೃತ್ತಿ 4,000 ಪುಟ ಮೀರಿತ್ತು. ಹೊಸ ವೇಗಕ್ಕೆ ಜಾಹೀರಾತುಗಳಿವೆ, ಈ ದುರಸ್ತಿಗೆ ಇಲ್ಲ.

ದುರಸ್ತಿ ಏಕೆ ಬೇಕೆಂದು ಒಂದೇ ಪ್ರಕರಣ ಹೇಳುತ್ತದೆ. ಮೊದಲ ಮಾನಕದ ಗೂಢಲಿಪಿ ವ್ಯವಸ್ಥೆಯ ಹೆಸರು ವೆಪ್. ಅದರ ಕೀಲಿ 40 ಬಿಟ್‌ಗೆ ಕುಗ್ಗಿದ್ದು ಅಮೆರಿಕದ ಅಂದಿನ ರಫ್ತು ನಿರ್ಬಂಧದಿಂದ. ಒಂದು ದೇಶದ ಭಯವನ್ನು ಜಗತ್ತಿನ ರೌಟರ್‌ಗಳೆಲ್ಲ ಹೊತ್ತವು. ಆದರೆ ದೋಷ ಅಷ್ಟಕ್ಕೇ ನಿಲ್ಲಲಿಲ್ಲ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ತೋರಿಸಿದ ದಾಳಿಗೆ ಉದ್ದದ ಕೀಲಿಯೂ ತಡೆಯಾಗಲಿಲ್ಲ. 2004ರ ತಿದ್ದುಪಡಿ ಹೊಸ ಭದ್ರತೆ ತಂದಿತು. ಅದರ ಜೊತೆಗೇ ಹಳೆಯ ಕಾರ್ಡುಗಳು ಸಾಫ್ಟ್‌ವೇರ್ ಬದಲಿಸಿಕೊಂಡು ಬದುಕಲು ಟಿಕಿಪ್ ಎಂಬ ತಾತ್ಕಾಲಿಕ ದಾರಿಯನ್ನೂ ಇಟ್ಟಿತು. ಹೊಸದು ಕೊಳ್ಳಲಾಗದವರನ್ನು ಹೊರಹಾಕದ ಆ ನಿರ್ಧಾರವನ್ನು ನಾನು ರಾಜಕೀಯ ನಿರ್ಧಾರವೆಂದೇ ಕರೆಯುತ್ತೇನೆ.

ಇಂಥದ್ದನ್ನು ನಿರ್ಧರಿಸುವವರು ಯಾರು? ಅಲ್ಲಿ ಕಂಪನಿಗಲ್ಲ, ವ್ಯಕ್ತಿಗೆ ಮತ. ತಾಂತ್ರಿಕ ನಿರ್ಣಯಕ್ಕೆ ಶೇ. 75ರ ಒಪ್ಪಿಗೆ ಬೇಕು. ಕೇಳಲು ಚೆನ್ನಾಗಿದೆ. ಆದರೆ ಮತದ ಹಕ್ಕು ಬರುವುದು ಸಭೆಗಳ ಹಾಜರಾತಿಯಿಂದ. ಸಭೆಗಳು ಎರಡು ತಿಂಗಳಿಗೊಮ್ಮೆ, ಬೇರೆಬೇರೆ ದೇಶಗಳಲ್ಲಿ ನಡೆಯುತ್ತವೆ. ಶುಲ್ಕ, ವಿಮಾನ, ಹೋಟೆಲು, ಮತ್ತು ನಮ್ಮ ಪಾಸ್‌ಪೋರ್ಟಿನವರಿಗೆ ವೀಸಾ. ಕೋವಿಡ್ ಕಾಲದಲ್ಲಿ ಸಭೆಗಳು ಆನ್‌ಲೈನಿಗೆ ಬಂದಾಗ ವೀಸಾದ ಗೋಡೆ ಬಿತ್ತು, ಶುಲ್ಕದ ಗೋಡೆ ಉಳಿಯಿತು. ವೆಚ್ಚ ಭರಿಸುವ ಕಂಪನಿ ಬೆನ್ನಿಗಿದ್ದವರೇ ಅಲ್ಲಿ ಹೆಚ್ಚು ಕಾಲ ಕೂರಬಲ್ಲರು.

ಆದರೂ ಒಂದು ಬಾಗಿಲು ತೆರೆದಿದೆ. ಪ್ರಕಟವಾದ ಆರು ತಿಂಗಳ ನಂತರ ಈ ಮಾನಕಗಳು ಉಚಿತವಾಗಿ ಸಿಗುತ್ತವೆ. ನಮ್ಮಲ್ಲಿ ರೇಡಿಯೋ ಬಲ್ಲ ಎಂಜಿನಿಯರುಗಳಿದ್ದಾರೆ, ಕಾನೂನು ಓದಿದವರಿದ್ದಾರೆ. 12ನೆಯ ಅಧ್ಯಾಯ ಭದ್ರತೆಯದು. ಅದರ ಮೊದಲ ಪುಟಗಳನ್ನು ಮುಂದಿನ ಕೂಟಕ್ಕೆ ಮುದ್ರಿಸಿ ತರುತ್ತೇನೆ. ಕನ್ನಡದಲ್ಲೇ ಚರ್ಚಿಸೋಣ.