ಸಂದರ್ಶನ ಮನೆಬಾಗಿಲಿಗೆ ಬಂದಿದೆ, ಕೋಣೆ ಸಿದ್ಧ ಮಾಡೋಣ

(ಗಡಿನಾಡ ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವ, ಡಾಕ್ಟರಲ್ಲ. ಆದರೆ ಎಂಬಿಬಿಎಸ್ ಓದುವ ನಮ್ಮ ಮಕ್ಕಳು "ಅಣ್ಣಾ, ಅಮೆರಿಕದಲ್ಲಿ ರೆಸಿಡೆನ್ಸಿ ಮಾಡ್ಲಿಕ್ಕೆ ಎಷ್ಟು ಖರ್ಚಾಗ್ತದೆ?" ಅಂತ ಕೇಳ್ತಾರೆ. ಆ ಲೆಕ್ಕ ಹಾಕುವಾಗ ತಿಳಿದದ್ದನ್ನು ಹೇಳ್ತೇನೆ.

ನಮ್ಮಲ್ಲಿ ಪಿಜಿ ಸೀಟು ನೀಟ್-ಪಿಜಿ ರ್‍ಯಾಂಕಿನ ಮೇಲೆ ಸಿಗ್ತದೆ, ಸಂದರ್ಶನ ಇಲ್ಲ. ಅಮೆರಿಕದಲ್ಲಿ ಯುಎಸ್‌ಎಂಎಲ್‌ಇ ಪಾಸಾಗಿ, ಅರ್ಜಿ ಹಾಕಿ, ಕರೆದ ಆಸ್ಪತ್ರೆಗಳಿಗೆಲ್ಲ ಸಂದರ್ಶನ ಕೊಡಬೇಕು. ಆಮೇಲೆ ನೀವು ನಿಮ್ಮ ಆಯ್ಕೆಯ ಪಟ್ಟಿ ಕೊಡ್ತೀರಿ, ಆಸ್ಪತ್ರೆಯೂ ತನ್ನ ಪಟ್ಟಿ ಕೊಡ್ತದೆ. ಎರಡನ್ನೂ ಕಂಪ್ಯೂಟರು ಹೊಂದಿಸಿ ಮಾರ್ಚ್‌ನಲ್ಲಿ ಫಲಿತಾಂಶ ಬರ್ತದೆ. ಅದಕ್ಕೇ 'ಮ್ಯಾಚ್' ಅಂತ ಹೆಸರು.

2020ಕ್ಕೆ ಮೊದಲು ಈ ಸಂದರ್ಶನಗಳಿಗೆ ಅಮೆರಿಕಕ್ಕೇ ಹೋಗಿ ಊರೂರು ಸುತ್ತಬೇಕಿತ್ತು. ಟಿಕೆಟು, ವೀಸಾ, ವಸತಿ ಎಲ್ಲ ಕೈಯಿಂದ. ಸ್ಟೆಪ್ 2 ಸಿಎಸ್ ಅನ್ನುವ ಪರೀಕ್ಷೆಗೂ ಅಲ್ಲಿಗೇ ಹೋಗಬೇಕಿತ್ತು. ಅದು 2021ರಲ್ಲಿ ರದ್ದಾಯ್ತು. ಕೋವಿಡ್ ಕಾಲದಲ್ಲಿ ಸಂದರ್ಶನ ಆನ್‌ಲೈನಿಗೆ ಬಂತು, ಹೆಚ್ಚಿನ ಕಡೆ ಹಾಗೇ ಉಳಿಯಿತು. ಸಾಲ ಮಾಡುವ ಮನೆಗೆ ಇದು ಸಣ್ಣ ಉಳಿತಾಯವಲ್ಲ.

ಹಾಗಂತ ಸಲೀಸು ಅಂದ್ಕೊಬೇಡಿ. ಸಂದರ್ಶನಗಳು ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿವರೆಗೆ. ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆ ಅಂದರೆ ಅಕ್ಟೋಬರಿನಲ್ಲಿ ನಮಗೆ ಸಂಜೆ 6.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಡ್ತಾರೆ, ಆಮೇಲೆ ಅದೇ 9 ಗಂಟೆ ನಮಗೆ 7.30. ನಮ್ಮೂರಲ್ಲಿ ಕರೆಂಟು ಹೋಗುವ ಹೊತ್ತು, ಪಕ್ಕದ ಮನೆಯ ಟಿವಿ ಜೋರಾಗುವ ಹೊತ್ತು. ಸಮಯ ಎರಡು ಸಲ ಲೆಕ್ಕ ಹಾಕಿ. ಬೆಳಕು ಮುಖದ ಎದುರಿಂದ ಬರಲಿ. ಮೊಬೈಲ್ ಡೇಟಾ ಬೇರೆ ಕಂಪನಿಯದ್ದೊಂದು ಕೈಯಲ್ಲಿರಲಿ. ಲೈನು ಕಡಿದರೆ ಯಾರಿಗೆ ಫೋನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಉತ್ತರವನ್ನು ಚೀಟಿ ನೋಡಿ ಓದಬೇಡಿ, ಕಣ್ಣು ಎತ್ತ ಹೋಗ್ತದೆ ಅಂತ ಎದುರಿನವರಿಗೆ ಗೊತ್ತಾಗ್ತದೆ.

ಇನ್ನು ಮುಖ್ಯ ಮಾತು. "ನಾನು ಕನ್ನಡ ಮೀಡಿಯಂ, ನನ್ನ ಇಂಗ್ಲಿಷು ಸಾಲದು" ಅಂತ ಹಿಂದೆ ಸರಿಯುವವರಿದ್ದಾರೆ. ಇಂಗ್ಲಿಷ್ ಬೇಕು, ಅದನ್ನು ದಿನಾ ಬಾಯಿಬಿಟ್ಟು ಮಾತಾಡಿ ರೂಢಿ ಮಾಡಬೇಕು. ಆದರೆ ಸಂದರ್ಶನದಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದಾಗ ಹೇಳಲು ನಿಮ್ಮಲ್ಲಿರುವಷ್ಟು ಎಷ್ಟು ಜನರಲ್ಲಿದೆ? ಆಸ್ಪತ್ರೆಯ ಬೋರ್ಡು ಓದಲಾಗದೆ ನಿಂತ ಅಜ್ಜಿಗೆ ಚೀಟಿ ಓದಿ ಹೇಳಿದವರು ನೀವು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರು ಆಸ್ಪತ್ರೆಗೆ ಹೋಗಲಾಗದೆ, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ಕಂಡವರು ನೀವು. ಅಮೆರಿಕದ ಆಸ್ಪತ್ರೆಗಳಿಗೂ ಇಂಗ್ಲಿಷ್ ಬಾರದ ರೋಗಿಗಳು ಬರ್ತಾರೆ, ಅವರಿಗಾಗಿ ದುಭಾಷಿಗಳನ್ನು ಬಳಸ್ತಾರೆ. ಭಾಷೆ ಬಾರದ ರೋಗಿಯ ಸಂಕಟ ನೀವು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಅರ್ಜಿಯಲ್ಲಿ ಗೊತ್ತಿರುವ ಭಾಷೆಗಳನ್ನು ಬರೆಯಲು ಜಾಗ ಇದೆ. ಮಂಜೇಶ್ವರದವರು ಕನ್ನಡ, ತುಳು, ಮಲಯಾಳಂ ಬರೀರಿ. ಆದೋನಿಯವರು ಕನ್ನಡ, ತೆಲುಗು, ಉರ್ದು. ಅಕ್ಕಲಕೋಟೆಯವರು ಕನ್ನಡ, ಮರಾಠಿ, ಹಿಂದಿ. ನಿಜಕ್ಕೂ ಬರುವುದನ್ನೇ ಬರೀರಿ, ಆದರೆ ಕನ್ನಡವನ್ನು ಬಿಟ್ಟು ಬರೀಬೇಡಿ.

ಕೊನೆಗೆ ನಮ್ಮ ಸಂಘಗಳಿಗೆ ಒಂದು ವಿನಂತಿ. ಪ್ರತಿ ತಾಲೂಕಿನಲ್ಲಿ ಒಂದು ಸದ್ದಿಲ್ಲದ ಕೋಣೆ, ಒಂದು ಇನ್ವರ್ಟರ್, ಎರಡು ಇಂಟರ್ನೆಟ್ ಲೈನು ಇಡೋಣ. ಡಾಕ್ಟರಾಗುವವರಿಗೆ ಮಾತ್ರ ಅಂತಲ್ಲ, ಇವತ್ತು ಕಂಪನಿ ಕೆಲಸದ ಸಂದರ್ಶನವೂ ಸ್ಕ್ರೀನಿನಲ್ಲೇ ನಡೀತದೆ. ರಾಜ್ಯೋತ್ಸವದ ಶಾಮಿಯಾನಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಸಾಕು. ಈ ನವೆಂಬರಿನಲ್ಲೇ ಶುರುಮಾಡೋಣ.