ಮಹಾನಗರಪಾಲಿಕೆಯ ಗಣಕ ಸೇವೆಗಳು ಮತ್ತು ಸಾಮಾನ್ಯ ನಿವಾಸಿ



ನಗರವಾಸಿಯ ಬದುಕಿನಲ್ಲಿ ಸರ್ಕಾರ ಎಂಬುದು ಬಹುತೇಕ ಸ್ಥಳೀಯ ಸಂಸ್ಥೆಯ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮಗು ಹುಟ್ಟಿದಾಗ ಜನನ ಪ್ರಮಾಣಪತ್ರ, ನಂತರ ಲಸಿಕೆ, ಶಾಲೆ, ನಲ್ಲಿಯ ನೀರು, ಕಸದ ವಿಲೇವಾರಿ, ಅಂಗಡಿ ಅಥವಾ ಉಪಾಹಾರ ಗೃಹದ ಪರವಾನಗಿ, ಮನೆಯ ತೆರಿಗೆ, ಕಡೆಗೆ ಮರಣ ಪ್ರಮಾಣಪತ್ರ. ಇವೆಲ್ಲವೂ ಒಂದೇ ಬಾಗಿಲಿನಿಂದ ಬರಬೇಕಾದವು. ಆ ಬಾಗಿಲು ಎಷ್ಟು ಸುಲಭವಾಗಿ ತೆರೆಯುತ್ತದೆ ಎಂಬುದರ ಮೇಲೆ ಸಾಮಾನ್ಯ ಕುಟುಂಬದ ನೆಮ್ಮದಿ ಅವಲಂಬಿಸಿದೆ. ಗಣಕಯಂತ್ರ ಮತ್ತು ಅಂತರಜಾಲಗಳು ಈ ಬಾಗಿಲನ್ನು ಎಷ್ಟರ ಮಟ್ಟಿಗೆ ತೆರೆದಿವೆ ಎಂಬುದನ್ನು ಮುಂಬಯಿ ನಗರದ ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಮುಂಬಯಿ ಮಹಾನಗರಪಾಲಿಕೆಯು 1888ರ ಅಧಿನಿಯಮದಂತೆ ಕಾರ್ಯ ನಿರ್ವಹಿಸುತ್ತಿರುವ ಸಂಸ್ಥೆ. ಅದರ ಎಲ್ಲೆ 1950ರಲ್ಲಿ ಜೋಗೇಶ್ವರಿ ಮತ್ತು ಭಾಂಡುಪ್‌ವರೆಗೆ, 1957ರಲ್ಲಿ ದಹಿಸರ್ ಮತ್ತು ಮುಲುಂಡ್‌ವರೆಗೆ ವಿಸ್ತರಿಸಿತು. 2011ರ ಜನಗಣತಿಯಲ್ಲಿ ನಗರ ಮತ್ತು ಉಪನಗರಗಳ ಒಟ್ಟು ಜನಸಂಖ್ಯೆ 1,24,42,373. ಇಷ್ಟು ಜನರ ಆಡಳಿತವನ್ನು ದೀರ್ಘಕಾಲ 24 ವಾರ್ಡ್ ಕಚೇರಿಗಳಿಗೆ ಹಂಚಲಾಗಿತ್ತು. ಕೊಲಾಬಾ ಮತ್ತು ಕೋಟೆ ಪ್ರದೇಶಗಳ ‘ಎ’ ವಾರ್ಡಿನಿಂದ ಮುಲುಂಡ್‌ನ ‘ಟಿ’ ವಾರ್ಡಿನವರೆಗೆ ಒಂದೊಂದು ಕಚೇರಿಯೂ ಒಂದು ಪ್ರತ್ಯೇಕ ಪಟ್ಟಣದ ಭಾರವನ್ನು ಹೊರುತ್ತದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿ, ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿತು. ಜನನ ಮರಣಗಳ ನೋಂದಣಿಯೂ ಅವುಗಳಲ್ಲಿ ಒಂದು.

ಹಿಂದೆ ಈ ಕೆಲಸವೆಲ್ಲ ದಪ್ಪ ರಟ್ಟಿನ ದಾಖಲೆ ಪುಸ್ತಕಗಳಲ್ಲಿ ನಡೆಯುತ್ತಿತ್ತು. ಒಂದೇ ಕಟ್ಟಡದ ವಿವರ ತೆರಿಗೆ ಇಲಾಖೆಯ ಪುಸ್ತಕದಲ್ಲಿ ಒಂದು ಬಗೆ, ನೀರು ಸರಬರಾಜು ಇಲಾಖೆಯ ಪುಸ್ತಕದಲ್ಲಿ ಇನ್ನೊಂದು ಬಗೆ ಇರುವುದು ಅಪರೂಪವಾಗಿರಲಿಲ್ಲ. ಅರ್ಜಿ ಸಲ್ಲಿಸಿದವನಿಗೆ ಅದು ಯಾವ ಮೇಜಿನ ಮೇಲಿದೆ ಎಂಬುದು ತಿಳಿಯುತ್ತಿರಲಿಲ್ಲ. ತಿಳಿಯಬೇಕಾದರೆ ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗಬೇಕಾಗಿತ್ತು, ಇಲ್ಲವೇ ಮಧ್ಯವರ್ತಿಯ ಕೈ ಹಿಡಿಯಬೇಕಾಗಿತ್ತು. ಮಾಹಿತಿ ವ್ಯವಸ್ಥೆ ಎಂದರೆ ಬೆರಳಚ್ಚು ಯಂತ್ರದ ಬದಲಿಗೆ ಗಣಕಯಂತ್ರವನ್ನು ತಂದಿಡುವುದಲ್ಲ. ಒಂದು ವಿವರವನ್ನು ಒಮ್ಮೆ ಮಾತ್ರ ದಾಖಲಿಸುವುದು, ಅದನ್ನು ಸಂಬಂಧಪಟ್ಟ ಎಲ್ಲ ಇಲಾಖೆಗಳೂ ನೋಡುವಂತೆ ಮಾಡುವುದು, ಪ್ರತಿ ಅರ್ಜಿಗೂ ಒಂದು ಸಂಖ್ಯೆ ಕೊಟ್ಟು ಅದರ ಚಲನೆಯನ್ನು ದಿನಾಂಕ ಸಹಿತ ಗುರುತಿಸುವುದು, ಈ ಮೂರೂ ಸೇರಿದಾಗ ಮಾತ್ರ ಅದು ವ್ಯವಸ್ಥೆಯಾಗುತ್ತದೆ.

ಮುಂಬಯಿ ಪರಿಸರದಲ್ಲಿ ಈ ದಿಸೆಯಲ್ಲಿ ಮೊದಲು ಗಮನ ಸೆಳೆದದ್ದು ನೆರೆಯ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆ. ಈ ಶತಮಾನದ ಆರಂಭದಲ್ಲಿ ಅದು ತೆರಿಗೆ, ನೀರಿನ ಬಿಲ್ಲು, ಪ್ರಮಾಣಪತ್ರಗಳನ್ನು ಒಂದೇ ಗಣಕ ಜಾಲಕ್ಕೆ ತಂದು, ನಾಗರಿಕ ಸೌಲಭ್ಯ ಕೇಂದ್ರವನ್ನು ತೆರೆಯಿತು. ಮಹಾರಾಷ್ಟ್ರದ ಇತರ ನಗರ ಸಂಸ್ಥೆಗಳಿಗೆ ಅದು ಮಾದರಿಯಾಯಿತು. ಮುಂಬಯಿಯಲ್ಲಿಯೂ ವಾರ್ಡ್ ಕಚೇರಿಗಳಲ್ಲಿ ಇಂತಹ ಕೇಂದ್ರಗಳು ಸ್ಥಾಪನೆಗೊಂಡವು. ಕ್ರಮೇಣ ತೆರಿಗೆ ಪಾವತಿ, ನೀರಿನ ಬಿಲ್ಲು, ಪರವಾನಗಿಗಳು, ಕಟ್ಟಡ ನಕ್ಷೆಗಳ ಅನುಮೋದನೆ ಮತ್ತು ದೂರುಗಳ ದಾಖಲಾತಿ ಅಂತರಜಾಲಕ್ಕೆ ಬಂದವು. 2010ರಿಂದ ಆಸ್ತಿ ತೆರಿಗೆಯನ್ನು ಬಾಡಿಗೆಯ ಬದಲು ಬಂಡವಾಳ ಮೌಲ್ಯದ ಆಧಾರದ ಮೇಲೆ ನಿಗದಿ ಮಾಡುವ ಪದ್ಧತಿ ಅನ್ವಯವಾಯಿತು. ಪ್ರದೇಶದ ಮಾರುಕಟ್ಟೆ ದರ, ಕಟ್ಟಡದ ವಿಸ್ತೀರ್ಣ, ಬಗೆ, ವಯಸ್ಸು, ಅಂತಸ್ತು, ಇವೆಲ್ಲವನ್ನೂ ಗುಣಿಸಿ ಮೌಲ್ಯ ಕಂಡುಹಿಡಿಯಬೇಕಾದ ಈ ಲೆಕ್ಕವನ್ನು ಇಡೀ ಮಹಾನಗರಕ್ಕೆ ಕೈಬರಹದಲ್ಲಿ ಮಾಡುವುದು ಸಾಧ್ಯವಿರಲಿಲ್ಲ.

ಮಾಹಿತಿಯ ಬೆಲೆ ಏನೆಂಬುದನ್ನು ನಗರಕ್ಕೆ ಕಠೋರವಾಗಿ ತಿಳಿಸಿದ್ದು 2005ರ ಜುಲೈ 26. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ವೇಳೆ ದಕ್ಷಿಣ ತುದಿಯ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ನಗರದ ಒಂದು ತುದಿಯಲ್ಲಿದ್ದವರಿಗೆ ಇನ್ನೊಂದು ಕಡೆ ಜನರು ಮುಳುಗುತ್ತಿರುವ ವಿಚಾರ ಸಕಾಲದಲ್ಲಿ ಗೋಚರಿಸಲಿಲ್ಲ. ಆ ದುರಂತದ ನಂತರ ನಗರದ ನಾನಾ ಭಾಗಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿ, ಅವುಗಳ ಅಂಕಿಗಳನ್ನು ವಿಪತ್ತು ನಿರ್ವಹಣಾ ನಿಯಂತ್ರಣ ಕೊಠಡಿಗೆ ತಲುಪಿಸುವ ಏರ್ಪಾಡು ನಡೆಯಿತು. 1916 ಎಂಬ ದೂರವಾಣಿ ಸಂಖ್ಯೆ ಮಳೆಗಾಲದಲ್ಲಿ ಮುಂಬಯಿ ನಿವಾಸಿಗಳ ನಾಲಗೆಯ ತುದಿಯಲ್ಲಿರುವ ಸಂಖ್ಯೆಯಾಯಿತು.

2020ರಲ್ಲಿ ಕೋವಿಡ್ ಸಾಂಕ್ರಾಮಿಕ ಹರಡಿದಾಗ ಇದೇ ಸಂಖ್ಯೆಗೆ ಹಾಸಿಗೆ ಕೋರಿ ಬರುವ ಕರೆಗಳ ಮಹಾಪೂರ ಹರಿಯಿತು. ಒಂದೇ ಕೇಂದ್ರದಿಂದ ಇಷ್ಟು ದೊಡ್ಡ ನಗರವನ್ನು ನಿಭಾಯಿಸುವುದು ಕಷ್ಟವೆನಿಸಿದಾಗ, ಆ ವರ್ಷದ ಜೂನ್ ತಿಂಗಳಲ್ಲಿ 24 ವಾರ್ಡುಗಳಲ್ಲಿಯೂ ಪ್ರತ್ಯೇಕ ನಿಯಂತ್ರಣ ಕೊಠಡಿಗಳನ್ನು ತೆರೆಯಲಾಯಿತು. ಪ್ರಯೋಗಾಲಯಗಳ ವರದಿಗಳು ಪಾಲಿಕೆಗೆ ಬಂದು, ವಾರ್ಡುವಾರು ಬೇರ್ಪಟ್ಟು, ಆಯಾ ಕೊಠಡಿಗೆ ತಲುಪುತ್ತಿದ್ದವು. ಅಲ್ಲಿನ ಸಿಬ್ಬಂದಿ ರೋಗಿಯ ಮನೆಗೆ ಕರೆ ಮಾಡಿ, ಸ್ಥಿತಿ ವಿಚಾರಿಸಿ, ಅಗತ್ಯವಿದ್ದವರಿಗೆ ಹಾಸಿಗೆ ಗೊತ್ತುಪಡಿಸುತ್ತಿದ್ದರು. ಇಲ್ಲಿ ಎರಡು ಪಾಠಗಳಿವೆ. ಮಾಹಿತಿ ಒಂದೆಡೆ ಸೇರಬೇಕು, ನಿರ್ಧಾರ ಮಾತ್ರ ಮನೆಯ ಸಮೀಪದಲ್ಲಿ ಆಗಬೇಕು. ಯಂತ್ರ ಎಷ್ಟೇ ಚುರುಕಾಗಿದ್ದರೂ ಕರೆಗೆ ಉತ್ತರಿಸುವವನು ಮನುಷ್ಯನೇ ಆಗಿರಬೇಕು.

ಈಗ ಮುಂಬಯಿಯ ಕನ್ನಡಿಗರಿಗೆ ನೇರವಾಗಿ ತಟ್ಟುವ ವಿಷಯಕ್ಕೆ ಬರೋಣ. ಕರಾವಳಿಯಿಂದ ಹೋಟೆಲು ಉದ್ಯಮಕ್ಕೆ ಬಂದವರು, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಕಚೇರಿಗಳ ನೌಕರರು, ಹೀಗೆ ಕನ್ನಡಿಗರು ಈ ನಗರದ ಎಲ್ಲ ಸ್ತರಗಳಲ್ಲಿದ್ದಾರೆ. ಪಾಲಿಕೆಯು ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಆದರೆ ಪಾಲಿಕೆಯ ವ್ಯವಹಾರ ಭಾಷೆ ಮರಾಠಿ, ಜೊತೆಗೆ ಇಂಗ್ಲಿಷ್. ಕನ್ನಡದ ಹೆಸರೊಂದು ಆಸ್ಪತ್ರೆಯ ಗುಮಾಸ್ತರ ಕಿವಿಯಿಂದ ದೇವನಾಗರಿಗೆ, ಅಲ್ಲಿಂದ ರೋಮನ್ ಲಿಪಿಗೆ ಸಾಗುವಾಗ ರೂಪ ಬದಲಿಸುತ್ತದೆ. ‘ಹೊನ್ನಪ್ಪ’ನ ಹ್ರಸ್ವ ಒಕಾರವನ್ನು ತೋರಿಸುವ ಚಿಹ್ನೆ ಮರಾಠಿಯ ರೂಢಿಯ ಬರವಣಿಗೆಯಲ್ಲಿಲ್ಲ, ‘ಳ’ಕಾರ ಮತ್ತು ‘ಲ’ಕಾರಗಳ ಭೇದವನ್ನು ರೋಮನ್ ಅಕ್ಷರ ಸಾಮಾನ್ಯವಾಗಿ ತೋರಿಸುವುದಿಲ್ಲ. ಮನೆತನದ ಹೆಸರಿಲ್ಲದೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಬಳಸುವವರಿಗೆ, ಅಡ್ಡಹೆಸರನ್ನು ಮೊದಲು ಕೇಳುವ ನಮೂನೆಯ ಕೋಷ್ಟಕವೇ ಒಂದು ಸಮಸ್ಯೆ.

ಹಿಂದೆ ಇಂತಹ ವ್ಯತ್ಯಾಸಗಳನ್ನು ಗುಮಾಸ್ತರು ಕಣ್ಣಿನಿಂದ ನೋಡಿ, ಒಬ್ಬನೇ ವ್ಯಕ್ತಿಯೆಂದು ಒಪ್ಪುತ್ತಿದ್ದರು. ಗಣಕಯಂತ್ರಕ್ಕೆ ಆ ವಿವೇಚನೆ ಇಲ್ಲ. ಒಂದಕ್ಷರ ಬೇರೆಯಾದರೂ ಅದು ಬೇರೊಬ್ಬ ವ್ಯಕ್ತಿಯೆಂದೇ ಎಣಿಸಬಹುದು. ಈ ಎಚ್ಚರ ಈಗ ಮತ್ತಷ್ಟು ಅಗತ್ಯ. 1969ರ ಜನನ ಮರಣ ನೋಂದಣಿ ಅಧಿನಿಯಮಕ್ಕೆ ಮಾಡಿದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನ ಅಥವಾ ನಂತರ ಜನಿಸಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಮೊದಲಾದ ಕಾರ್ಯಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳವನ್ನು ಸ್ಥಾಪಿಸಲು ಜನನ ಪ್ರಮಾಣಪತ್ರವೇ ಆಧಾರ. ಆದುದರಿಂದ ಕೂಸಿನ ತೊಟ್ಟಿಲ ದಿನದಲ್ಲಿ ಬರೆದ ಒಂದು ತಪ್ಪು ಅಕ್ಷರ ಅದು ದೊಡ್ಡವನಾದ ಮೇಲೂ ಬೆನ್ನು ಬಿಡದು.

ಪೋಷಕರು ನೆನಪಿಡಬೇಕಾದ ಕೆಲವು ಅಂಶಗಳಿವೆ. ಜನನವನ್ನು 21 ದಿನಗಳೊಳಗೆ ವರದಿ ಮಾಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆ ಹೊಣೆ ಆಸ್ಪತ್ರೆಯದು. ಮನೆಯಲ್ಲಾದರೆ ಕುಟುಂಬದ ಯಜಮಾನರದು. 30 ದಿನಗಳವರೆಗೆ ವಿಳಂಬ ಶುಲ್ಕ ತೆತ್ತು ನೋಂದಾಯಿಸಬಹುದು. ಅದನ್ನು ಮೀರಿದರೆ ಮೇಲಧಿಕಾರಿಯ ಅನುಮತಿ, ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ನೋಂದಣಿ ನಡೆಯುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆತಾಯಿ ವಾಸಿಸುವ ಸ್ಥಳದಲ್ಲಿ ಅಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ತಾಯಿಯ ಮಗು ವಿಜಯಪುರದಲ್ಲಿ ಜನಿಸಿದರೆ, ಅದರ ದಾಖಲೆ ಮುಂಬಯಿಯ ವಾರ್ಡ್ ಕಚೇರಿಯಲ್ಲಿ ಎಷ್ಟು ಹುಡುಕಿದರೂ ದೊರೆಯದು. ದಾಖಲೆಯಲ್ಲಿ ತಪ್ಪಿದ್ದರೆ ಅಧಿನಿಯಮದ 15ನೆಯ ಪ್ರಕರಣದಂತೆ ನೋಂದಣಾಧಿಕಾರಿಯು ಮೂಲ ಬರಹವನ್ನು ಅಳಿಸದೆ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮಾಡಲು ಅವಕಾಶವಿದೆ.

ಸೇವೆ ವಿಳಂಬವಾದಾಗ ನಿವಾಸಿಯು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಕರ್ನಾಟಕದಲ್ಲಿ ‘ಸಕಾಲ’ ಎಂದು ಹೆಸರಾದ 2011ರ ಶಾಸನದಂತೆಯೇ ಮಹಾರಾಷ್ಟ್ರದಲ್ಲಿ 2015ರ ಲೋಕಸೇವಾ ಹಕ್ಕು ಅಧಿನಿಯಮವಿದೆ. ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ಗೊತ್ತುಪಡಿಸಲಾಗಿದೆ. ಮಿತಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಮೇಲ್ಮನವಿಗೆ ಆಧಾರವಾಗುವುದು ಅರ್ಜಿಯ ಸಂಖ್ಯೆ ಮತ್ತು ದಿನಾಂಕ. ಬಾಯಿಮಾತಿನಲ್ಲಿ ಕೊಟ್ಟ ಅರ್ಜಿಗೆ ಕಾಲಮಿತಿ ಲೆಕ್ಕ ಹಾಕುವವರು ಯಾರು?

ಗಣಕ ಸೇವೆಗಳ ಮಿತಿಗಳನ್ನೂ ಮರೆಯಬಾರದು. ಓದುಬರಹ ಬಾರದವರಿಗೆ, ಆಗಾಗ ದೂರವಾಣಿ ಸಂಖ್ಯೆ ಬದಲಿಸುವ ವಲಸೆ ಕಾರ್ಮಿಕರಿಗೆ ಪರದೆಯ ಮೇಲಿನ ನಮೂನೆಯೂ ಒಂದು ಗೋಡೆಯೇ. ಅಲ್ಲಿ ಮಧ್ಯವರ್ತಿ ಮತ್ತೆ ನುಸುಳುತ್ತಾನೆ. ಆದ್ದರಿಂದ ಕಚೇರಿಯ ಕಿಟಕಿಯನ್ನು ಮುಚ್ಚಿ ಅಂತರಜಾಲವನ್ನು ಮಾತ್ರ ತೆರೆದಿಡುವುದು ಸಲ್ಲದು. ಇನ್ನೊಂದು ಮಾತು: 2022ರ ಮಾರ್ಚ್‌ನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಮುಂಬಯಿ ಪಾಲಿಕೆಯ ಆಡಳಿತ ಮೂರು ವರ್ಷಗಳಿಗೂ ಹೆಚ್ಚು ಕಾಲ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆ ಅವಧಿಯಲ್ಲಿಯೂ ದೂರಿಗೆ ಸಂಖ್ಯೆ ಸಿಗುತ್ತಿತ್ತು. ಆದರೆ ಒಂದೇ ಗಲ್ಲಿಯಿಂದ ಮತ್ತೆ ಮತ್ತೆ ಅದೇ ದೂರು ಏಕೆ ಬರುತ್ತಿದೆ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ನಗರಸೇವಕನ ಆಸನ ಖಾಲಿಯಾಗಿತ್ತು. ಆ ಪ್ರಶ್ನೆಯನ್ನು ಯಾವ ಯಂತ್ರವೂ ತಾನಾಗಿ ಕೇಳುವುದಿಲ್ಲ.

ವ್ಯವಸ್ಥೆಯ ಯಶಸ್ಸಿನಲ್ಲಿ ನಿವಾಸಿಯ ಪಾಲೂ ಇದೆ. ಪ್ರತಿ ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪ್ರಮಾಣಪತ್ರ ಕೈಗೆ ಬಂದ ದಿನವೇ ಅಕ್ಷರ ಅಕ್ಷರವಾಗಿ ಓದಿ ನೋಡಿ, ಓದಲು ಬಾರದ ನೆರೆಯವರಿಗೂ ಓದಿ ಹೇಳಿ. ಕನ್ನಡ ಸಂಘಗಳು ವಾರಕ್ಕೊಂದು ಸಂಜೆ ಈ ಕೆಲಸಕ್ಕೆ ತಮ್ಮ ಕೊಠಡಿಯನ್ನು ತೆರೆದಿಟ್ಟರೆ ಅದು ದೊಡ್ಡ ಸಮಾಜಸೇವೆಯಾಗುತ್ತದೆ. ಬೆವರು ಸುರಿಸಿ ಈ ನಗರವನ್ನು ಕಟ್ಟಿದವನ ಮಗುವಿನ ಹೆಸರು ಈ ನಗರದ ದಾಖಲೆಯಲ್ಲಿ ಸರಿಯಾಗಿ ಇರಬೇಕೆಂಬುದು ಹೆಚ್ಚಿನ ಬೇಡಿಕೆಯೇನೂ ಅಲ್ಲ.